ಅಣ್ಣನ ದನಿಗೆ ದೇವರ ಹೆಸರು

ಜನವರಿ 6, ಮಂಗಳವಾರ
ಮರಿಗಳಿಗೆ ಹುಳದ ಔಷಧ ಕುಡಿಸಿದ್ದಾಯಿತು. ಕೈ ಇನ್ನೂ ನಾರುತ್ತಿದೆ. ಲಂಡನ್ನಿನಿಂದ ಉತ್ತರವಿಲ್ಲ. ಅಣ್ಣನ ವರ್ಷದ ಕಾರ್ಯಕ್ಕೆ ಇನ್ನು ಐದು ವಾರ. ಅತ್ತಿಗೆ ಸಿದ್ದಕ್ಕ ಇಷ್ಟು ದಿನದಲ್ಲಿ ಕೇಳಿದ್ದು ಒಂದೇ — ಅವತ್ತು ಅವರ ದನಿ ಒಂದು ಸಲ ಕೇಳಬೇಕು.
ನಮ್ಮ ಹಟ್ಟಿಯಲ್ಲಿ ದೇವರ ಪದವನ್ನು ಫೋನಿಗೆ ಹಿಡಿಯುವುದಿಲ್ಲ. ನಮ್ಮಣ್ಣ ಚಿತ್ರಲಿಂಗಣ್ಣ ಯಾರಿಗೂ ಹಿಡಿಯಗೊಡಲಿಲ್ಲ. ಒಬ್ಬಳನ್ನು ಬಿಟ್ಟು.

ಜನವರಿ 9
ಅವಳು ಮಾರ್ವಾ. ಏಳು ವರ್ಷದ ಹಿಂದೆ ಲಂಡನ್ನಿನ ಒಂದು ಧ್ವನಿಸಂಗ್ರಹದವರ ಜೊತೆ ಬಂದಿದ್ದಳು, ಮೈಕು ಹಿಡಿಯುವ ಕೆಲಸಕ್ಕೆ. ಕಪ್ಪು ಹುಡುಗಿ, ಜಮೈಕಾದವರ ಮಗಳು. ಅಣ್ಣ ಒಲ್ಲೆ ಎಂದ. ಆಗ ತನ್ನ ಹಿರಿಯರ ಕಥೆ ಹೇಳಿದಳು — ಹಡಗಿನಲ್ಲಿ ತುಂಬಿ ತಂದು ಕಬ್ಬಿನ ತೋಟಕ್ಕೆ ಮಾರಿದ್ದು, ಬಿಳಿಯರು ಅವರ ವಾದ್ಯ ಕಿತ್ತುಕೊಂಡಿದ್ದು. ಅಣ್ಣ ಬೀಡಿ ನೆಲಕ್ಕೆ ಒತ್ತಿ ಆರಿಸಿದ. "ಊರೇ ಕಳಕಂಡೋರು. ಇವರ ಮುಂದೆ ಹಾಡಿದ್ರೆ ದ್ಯಾವ್ರು ಮುನಿಯಲ್ಲ ಬಿಡಲೇ ತಿಮ್ಮೇಶ" ಎಂದ. ಬಿದಿರಿನ ಗಣೆ ಊದಿ ಹಾಡಿದ.

ಜನವರಿ 17
ಉತ್ತರ ಬಂತು. ಅಣ್ಣನ ಮಗಳು ಮೇಘಶ್ರೀ ಓದಿ ಹೇಳಿದಳು. ಪದದ ಪ್ರತಿ ಕಳಿಸಬೇಕಾದರೆ ಹಾಡಿದವನ ಗುರುತಿನ ಚೀಟಿ ಬೇಕಂತೆ. ಅವರ ದಾಖಲೆಯಲ್ಲಿರುವ ಹೆಸರು ಅಣ್ಣನದಲ್ಲ. ದೇವರದು.
ನೆನಪಾಯಿತು. ಅವತ್ತು ಹೆಸರು ಕೇಳಿದಾಗ ಅಣ್ಣ ದೇವರ ಹೆಸರು ಹೇಳಿದ್ದ. ಗಣೆ ಹಿಡಿದವನು ತನ್ನ ಹೆಸರು ಹೇಳುವುದಿಲ್ಲ, ಹಾಡುವವನು ದೇವರೇ. ನಾನು ಪಕ್ಕದಲ್ಲೇ ಕೂತಿದ್ದೆ. ತಿದ್ದಲಿಲ್ಲ. ಆಗ ತಿದ್ದುವುದಕ್ಕೆ ಏನಿತ್ತು?
"ದೇವ್ರಿಗೆ ಆಧಾರ್ ಕಾರ್ಡ್ ಎಲ್ಲಿ ಮಾಡಿಸ್ತಾರೆ ಚಿಕ್ಕಪ್ಪ?" ಎಂದಳು ಮೇಘಶ್ರೀ. ನಗಲು ನೋಡಿದಳು.

ಜನವರಿ 29
ಮೂರನೇ ಮೇಲ್. ಕೇಳಿಸಿದರೆ ಅಣ್ಣನ ದನಿ ಹೌದೋ ಅಲ್ಲವೋ ಹೇಳುತ್ತೇವೆ ಎಂದು ಬರೆಸಿದ್ದೆ. ಇಲ್ಲಿಗೆ ಕಳಿಸಿ ಕೇಳಿಸಬೇಕಾದರೆ ಮೊದಲು ಅಣ್ಣನದೆಂದು ರುಜುವಾತು ಬೇಕಂತೆ. ಹರಿದು ಬಿಸಾಡೋಣವೆಂದರೆ ಕಾಗದವೂ ಅಲ್ಲ.
ಸಂಜೆ ಮಾರ್ವಾ ಫೋನ್. ಅವಳ ಮುತ್ತಜ್ಜನ ಹಾಡೂ ಅದೇ ಕಟ್ಟಡದಲ್ಲಿದೆಯಂತೆ. ಪೆಟ್ಟಿಗೆಯ ಮೇಲೆ ಅವನ ಹೆಸರಿಲ್ಲ, ತೋಟದ ಮಾಲೀಕನದು. ಹೊತ್ತುಕೊಂಡು ಹೋದವರೇ ಈಗ ಕಾವಲಿಗೂ ಕೂತಿದ್ದಾರೆ ಎಂದಳು. ಅವತ್ತು ಮೈಕು ಹಿಡಿದವಳು ನಾನೇ ಎಂದು ಅತ್ತಳು.
ಅವಳ ಮೇಲೂ ಸಿಟ್ಟು ಬಂತು.

ಫೆಬ್ರವರಿ 10, ಕಾರ್ಯದ ದಿನ
ಎಡೆ ಇಟ್ಟಾಯಿತು. ದನಿ ಬರಲಿಲ್ಲ. ಮಾರ್ವಾ ಫೋನ್ ಮಾಡಿದಳು. ಖುದ್ದು ಹೋದವರು ಅಲ್ಲಿನ ಕೋಣೆಯಲ್ಲಿ ಕೂತು ಕೇಳಬಹುದಂತೆ, ಫೋನಿಗೆ ಹಿಡಿದುಕೊಳ್ಳುವಂತಿಲ್ಲ. ಒಂಬತ್ತು ದಿನ ಹೋಗಿ ಬಾಯಿಪಾಠ ಮಾಡಿದ್ದಾಳೆ.
ಸ್ಪೀಕರ್ ಹಾಕಿ ಅತ್ತಿಗೆಯ ಮುಂದಿಟ್ಟೆವು. ಹಾಡಿದಳು. ಅರ್ಧ ಮಾತು ತಿಳಿಯಲಿಲ್ಲ. ಹೆಂಗಸಿನ ದನಿ. ಅತ್ತಿಗೆ ನೆಲ ನೋಡುತ್ತಲೇ ಇದ್ದರು.
ಮೂರನೇ ಸಾಲಾದ ಮೇಲೆ ಕೆಮ್ಮಿದಳು. ಎರಡು ಗಿಡ್ಡ, ಒಂದು ಉದ್ದ, ಆಮೇಲೆ ಗಂಟಲು ಕೆರೆದು ಒಂದು ಹೂಂ. ಅದೂ ಪದದ್ದೇ ಎಂದುಕೊಂಡು ಕಲಿತಿದ್ದಾಳೆ… ಅಣ್ಣನ ಬೀಡಿ ಕೆಮ್ಮು.
ಅತ್ತಿಗೆ ತಲೆ ಎತ್ತಿದರು. ಫೋನ್ ಕೈಗೆ ತಗೊಂಡರು.
"ಪದ ಸಾಕು. ಅದೊಂದು ಕೆಮ್ಮು… ಇನ್ನೊಂದ್ಸಲ ಕೆಮ್ಮು ಅಂತ ಹೇಳೇ."
ಮೇಘಶ್ರೀ ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದಳು. ಆಗಲಿಲ್ಲ. ನಾನೇ ಬಗ್ಗಿ, ನನಗೆ ಬರುವಷ್ಟರಲ್ಲಿ, ಸಿಸ್ಟರ್, ಒನ್ ಮೋರ್ ಟೈಮ್ —