ಉತಾರ ಇಲ್ಲದವನ ಮಾತು

17 ನವೆಂಬರ್ 2023, ಶುಕ್ರವಾರ. ಗೋಕಾಕ ಬಸ್‌ಸ್ಟ್ಯಾಂಡ್

ಮಾಳಪ್ಪನ ಕೇಸಿಗೆ ಇಲ್ಲಿಯವರೆಗೆ ಆದ ಖರ್ಚು: ವಕೀಲರ ಫೀ ಹನ್ನೆರಡು ಸಾವಿರ. ಝೆರಾಕ್ಸ್, ಟೈಪಿಂಗ್, ಸ್ಟಾಂಪು — ಒಂಬೈನೂರು ಚಿಲ್ಲರೆ. ಮೂಡಲಗಿಯಿಂದ ಗೋಕಾಕಕ್ಕೆ ಬಸ್ಸು, ಕೋರ್ಟಿನ ಎದುರು ಚಹಾ — ಬರೆಯುವುದು ಬಿಟ್ಟಿದ್ದೇನೆ. ಜಾಮೀನುದಾರರನ್ನು ಹುಡುಕುತ್ತ ತಪ್ಪಿಸಿಕೊಂಡ ಎರಡು ರವಿವಾರದ ಸಂತೆ — ಬರೆದರೆ ನಿದ್ದೆ ಬರುವುದಿಲ್ಲ.

ಬದಲಿಗೆ ಬಂದದ್ದು? ಏನೂ ಇಲ್ಲ. ಮಾಳಪ್ಪ ಇನ್ನೂ ಒಳಗೇ ಇದ್ದಾನೆ.

ವಕೀಲ ಸುಶಾಂತ ಮೊದಲ ದಿನವೇ ಕೇಳಿದ್ದರು, "ಅವ ನಿಮಗ ಏನಾಗಬೇಕ್ರಿ?" ಏನೂ ಆಗಬೇಕಿಲ್ಲ. ಸಂತೆಯಲ್ಲಿ ನಾನು ಎಮ್ಮೆ ವ್ಯಾಪಾರ ಕುದುರಿಸುತ್ತೇನೆ, ಅವನು ಅದನ್ನು ಕೊಂಡವರ ಊರಿಗೆ ಹೊಡೆದುಕೊಂಡು ಹೋಗಿ ಮುಟ್ಟಿಸುತ್ತಾನೆ. ಹದಿನೆಂಟು ವರ್ಷವಾಯಿತು. ಇಷ್ಟು ದಿನ ಸಂಸಾರ ಮಾಡಿದರೆ ಸಂಬಂಧ ಎನ್ನುತ್ತಾರೆ, ಎಮ್ಮೆ ಹೊಡೆದರೆ ಅನ್ನುವುದಿಲ್ಲವೇನು!

ಸೆಪ್ಟೆಂಬರಿನಲ್ಲಿ ನನಗೆ ಜ್ವರ. ನಾನಿಲ್ಲದ ಸಂತೆಯಲ್ಲಿ ಹೊರಗಿನ ವ್ಯಾಪಾರಿಯೊಬ್ಬ ಮಾಳಪ್ಪನ ಕೈಗೆ ಎಮ್ಮೆ ಕೊಟ್ಟು, ಮೇಲವಂಕಿಗೆ ಮುಟ್ಟಿಸು ಅಂದ. ದಾರಿಯಲ್ಲಿ ಪೊಲೀಸರು ಖರೀದಿಯ ಪಾವತಿ ಚೀಟಿ ಕೇಳಿದರು. ಇರಲಿಲ್ಲ. ಎಮ್ಮೆ ಕಳವಿನದಂತೆ. ಅದರ ಖರೆ ಮಾಲೀಕ ಸಿಕ್ಕ, ಕೊಟ್ಟವನ ಮೊಬೈಲ್ ಅವತ್ತಿನಿಂದ ಬಂದ್. ಒಳಗೆ ಹೋದದ್ದು ಹಗ್ಗ ಹಿಡಿದವನು.

ಜಾಮೀನು ಸಿಕ್ಕಿದೆ. ಕಾಗದದ ಮೇಲೆ. ಆರೋಪಿ ಊರೂರು ತಿರುಗುವವ, ಆದ್ದರಿಂದ ಜಮೀನುಳ್ಳ ಸ್ಥಳೀಯರು ಉತಾರ, ಅಂದರೆ ಹೊಲದ ಪಹಣಿ, ತೋರಿಸಿ ಜಾಮೀನು ನಿಲ್ಲಬೇಕು, ನಗದು ನಡೆಯುವುದಿಲ್ಲ. ಮೊದಲು ಇಬ್ಬರು ಅಂದರು. ಸುಶಾಂತ ಅರ್ಜಿ ಹಾಕಿ ಒಬ್ಬರಿಗೆ ಇಳಿಸಿದರು. ನಾನೇ ನಿಲ್ಲುತ್ತೇನೆ ಅಂದೆ.

"ನಿಮ್ಮ ಹೆಸರಿಲೆ ಹೊಲದ ಉತಾರ ಐತೇನ್ರಿ, ಸೋಮಲಿಂಗಣ್ಣಾರ?"

"ಉತಾರ ಇಲ್ರಿ. ಮಾತೈತಿ."

"ಮಾತು ಕೋರ್ಟಿನ್ಯಾಗ ನಾ ಆಡ್ತೇನ್ರಿ. ನೀವು ಉತಾರ ತರ್ರಿ."

ಸಂತೆಯಲ್ಲಿ ದರ ಹೇಳಲು ಟವೆಲ್ ಕೆಳಗೆ ನಾನು ಹಿಡಿದ ಬೆರಳಿಗೆ ಲಕ್ಷದ ಜೋಡೆತ್ತು ಕೈ ಬದಲಾಗುತ್ತವೆ. ಸಹಿಯಿಲ್ಲ, ಸಾಕ್ಷಿಯಿಲ್ಲ. ಅದೇ ಬೆರಳು ಗೋಕಾಕದಲ್ಲಿ ಚಹಾದ ಕಪ್ಪು ಹಿಡಿಯಲಷ್ಟೇ ಉಪಯೋಗ.

ಇವತ್ತು ಮೇಲವಂಕಿಯ ಹಣಮಂತನನ್ನು ಕರೆತಂದಿದ್ದೆ. ಹೊಸ ಧೋತರ, ಇಸ್ತ್ರಿ ಅಂಗಿ, ಪ್ಲಾಸ್ಟಿಕ್ ಕವರಿನಲ್ಲಿ ಉತಾರ. ಒಳ್ಳೆಯ ಮನುಷ್ಯ, ಮಾಳಪ್ಪ ಮುಟ್ಟಿಸಿದ ಎರಡು ಎಮ್ಮೆಯ ಹಾಲು ಕುಡಿದವನು. ನ್ಯಾಯಾಧೀಶರು ಉತಾರ ನೋಡಿದರು.

"ಲಗಮಪ್ಪ ಯಾರು?"

"ನಮ್ಮಪ್ಪರಿ."

"ಅವರನ್ನು ಕರೆಯಿರಿ."

"ಅವರು ತೀರಿಕೊಂಡು ಹನ್ನೊಂದು ವರ್ಸ ಆತ್ರಿ."

"ಮತ್ತೆ ಅವರ ಹೆಸರು ಯಾಕೆ ತೆಗೆಸಿಲ್ಲ?"

"ಅಪ್ಪನ ಹೆಸರ ಹೆಂಗ ತಗಸಲಿರಿ, ಸಾಹೇಬ್ರ? ಹೊಲ ಅವರದರಿ."

ಕೋರ್ಟೆಲ್ಲ ನಕ್ಕಿತು. ನ್ಯಾಯಾಧೀಶರು ನಗಲಿಲ್ಲ. ಉತಾರ ವಾಪಸ್.

ಹೊರಗೆ ಬಂದು ಬೈದೆ. "ಸತ್ತವರು ಜಾಮೀನು ನಿಲ್ತಾರೇನೋ, ಮಾರಾಯ?"

"ನಾಕ ಮಂದಿ ಅಣ್ತಮ್ಮರದೀವಿ. ವಾರಸಾ ಮಾಡಿಸಿ ಅಪ್ಪನ ಹೆಸರ ತಗದ್ರ ಮನಿ ಒಡದಂಗ ಅಂತಾಳ ನಮ್ಮವ್ವ. ನಾ ಏನ್ ಮಾಡ್ಲಿ?"

ತಲೆ ತಗ್ಗಿಸಿ ಬಸ್ ಹತ್ತಿದ. ಬೈದದ್ದು ಜಾಸ್ತಿಯಾಯಿತು. ಆದರೆ ನಮ್ಮ ಭಾಗದ ಅರ್ಧ ಹೊಲ ಇನ್ನೂ ಸತ್ತವರೇ ಉಳುತ್ತಿದ್ದಾರೆ — ಇದು ಮೊದಲೇ ನೆನಪಾಗಬೇಕಿತ್ತು. ಎಮ್ಮೆಯ ಹಲ್ಲು ಎಣಿಸದೆ ಕೊಂಡ ಹಾಗಾಯಿತು.

29 ನವೆಂಬರ್, ಬುಧವಾರ

ಹುಕ್ಕೇರಿ. ಭೂಪಾಲ ಕಾಕಾ. ಎಂಟು ಎಕರೆ, ಬದುಕಿರುವ ಮನುಷ್ಯನ ಹೆಸರಿನಲ್ಲಿ. ಆ ಮನೆಗೆ ನನ್ನ ಕೈಯಿಂದ ಹೋದ ಎತ್ತು ಕಡಿಮೆಯೇನಲ್ಲ.

ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ಐದು ಗಂಟೆಗೇ ಕಾಕಾನ ಹೆಂಡತಿ ಕಮಲಾಬಾಯಿ ತಾಟು ಹಾಕಿದರು. ಊಟ ಮುಗಿಯುವವರೆಗೆ ಕಾಕಾ ವಿಷಯ ಎತ್ತಲು ಬಿಡಲಿಲ್ಲ. ಅಲ್ಲಿಗೇ ತಿಳಿಯಿತು. ಕೊಡುವವರು ಮೊದಲು ಮಾತಾಡುತ್ತಾರೆ, ಕೊಡದವರು ಮೊದಲು ಊಟ ಹಾಕುತ್ತಾರೆ.

"ಹಿಂದ ಒಬ್ಬಾವಗ ಜಾಮೀನ ನಿಂತಿದ್ದೆ, ಸೋಮಲಿಂಗ. ಅಂವ ಓಡಿ ಹೋದ. ನನ್ನ ಉತಾರದ ಮ್ಯಾಲ ಕೋರ್ಟಿನ ದಂಡದ ಬೋಜಾ ಕುಂತಿತು. ಮೂರ ವರ್ಸ ಬ್ಯಾಂಕಿನವರು ಪೀಕಿನ ಸಾಲ ಕೊಡಲಿಲ್ಲ."

"ಮಾಳಪ್ಪ ಓಡೂದಿಲ್ರಿ, ಕಾಕಾ. ನನ್ನ ಮಾತೈತಿ."

"ನಿನ್ನ ಮಾತಿಗೆ ಜೋಡೆತ್ತು ಬಿಚ್ಚಿ ಕೊಡ್ತೇನಿ, ಈಗ ಹೊಡ್ಕೊಂಡು ಹೋಗು. ಉತಾರ ಕೇಳಬ್ಯಾಡಪಾ."

ಅವರ ಮೇಲೆ ಸಿಟ್ಟಿಲ್ಲ. ಅವರ ಲೆಕ್ಕ ಅವರಿಗೆ ಸರಿ.

ವಾಪಸ್ ಬರುವಾಗ ಬಸ್ಸಿನಲ್ಲಿ ನಿರ್ಧಾರ ಮಾಡಿದೆ. ಜಾಮೀನುದಾರ ಸಿಗದಿದ್ದರೆ, ಜಾಮೀನುದಾರ ಬೇಡದ ದಾರಿ ಹುಡುಕಬೇಕು. ಇದ್ದೇ ಇರುತ್ತದೆ. ಸರಕಾರ ಕಟ್ಟಿದ ಯಾವ ಗೋಡೆಗಾದರೂ ಕಿಂಡಿ ಇಲ್ಲದೆ ಇಲ್ಲ.

20 ಡಿಸೆಂಬರ್, ಬುಧವಾರ. ಮಧ್ಯಾಹ್ನ

ಕಿಂಡಿ ದಿಲ್ಲಿಯಲ್ಲಿದೆ!

ಸುಶಾಂತ ಫೋನ್ ಮಾಡಿದ್ದರು — "ಲೋಕಸಭೆ ಹಚ್ಚಿ ನೋಡ್ರಿ. ಪೊಲೀಸ್, ಜಾಮೀನು, ಕೋರ್ಟು, ಎಲ್ಲಾ ಕಾಯ್ದೆ ಬದಲ ಮಾಡಾಕತ್ತಾರ." ಮೊಬೈಲ್ ತೆಗೆದು ಗೋಡೆಗೆ ಆನಿಸಿಟ್ಟು ಕುಳಿತೆ. ಹಿಂದಿ. ಸಂತೆಯ ಹಿಂದಿಗಿಂತ ಸ್ವಲ್ಪ ಕಠಿಣ, ಆದರೆ ದರ ಇಳಿಸುವಾಗ ಎಲ್ಲರ ದನಿಯೂ ಒಂದೇ.

ಹೆಂಡತಿ ನಂದಾ ರೊಟ್ಟಿ ಬಡಿಯುತ್ತ ಕೇಳಿದಳು, "ಎಮ್ಮಿ ರೇಟ್ ಬಿಟ್ಟು ದಿಲ್ಲಿ ರೇಟ್ ನೋಡಾಕತ್ತೀರೇನು?"

"ಮಾಳಪ್ಪನ ರೇಟ್ ನೋಡಾಕತ್ತೇನಿ."

ವಿರೋಧ ಪಕ್ಷದ ಬೆಂಚು ಬಹಳಷ್ಟು ಖಾಲಿ. ಸಸ್ಪೆಂಡ್ ಆದವರು ಹೊರಗೆ. ಚೌಕಾಶಿ ಮಾಡುವವನೇ ಇಲ್ಲದ ಸಂತೆ. ಮಾರುವವನಿಗೆ ಚೆಂದ, ಮಾಲಿಗೆ ಚೆಂದವಲ್ಲ. ಇಂಥ ದೊಡ್ಡ ಮಾಲು, ಹಲ್ಲು ಎಣಿಸುವವರು ಇನ್ನಷ್ಟು ಮಂದಿ ಇರಬೇಕಿತ್ತು.

ಆದರೂ ಪೂರ್ತಿ ಕೇಳಿದೆ. ಜಮೆ: ಜಪ್ತಿ ಮಾಡುವಾಗ ಪೊಲೀಸರು ವಿಡಿಯೊ ಮಾಡಬೇಕು. (ಮಾಳಪ್ಪನ ಎಮ್ಮೆಗೆ ಒಂದು ಫೋಟೊ ಸಹ ಇಲ್ಲ.) ಖರ್ಚು: ಪೊಲೀಸ್ ಕಸ್ಟಡಿಯ ಹದಿನೈದು ದಿನವನ್ನು ಇನ್ನು ಮೇಲೆ ಬಿಡಿಬಿಡಿಯಾಗಿ ಕೇಳಬಹುದು. ಇಡೀ ನೋಟಿಗಿಂತ ಚಿಲ್ಲರೆ ಹೆಚ್ಚು ಕಾಡುತ್ತದೆ, ನನಗೆ ಗೊತ್ತು.

ಇನ್ನು ನಮ್ಮದು. ಈಗಿನ ಕಾಯ್ದೆಯಲ್ಲಿ, ಆ ಅಪರಾಧಕ್ಕಿರುವ ದೊಡ್ಡ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣೆಗೆ ಕಾಯುತ್ತ ಒಳಗೆ ಕಳೆದವನನ್ನು ಬಿಡಬೇಕು. ಹೊಸದರಲ್ಲಿ, ಮೊದಲ ಸಲ ಸಿಕ್ಕವನಾದರೆ, ಮೂರನೇ ಒಂದು ಭಾಗ. ಅದೂ ಸ್ವಂತ ಮುಚ್ಚಳಿಕೆಯ ಮೇಲೆ. ಬೇರೆ ಕೇಸ್ ಇರಬಾರದು, ಅಷ್ಟೆ. ಕಳವಿನ ಮಾಲಿಗೆ ಮೂರು ವರ್ಷ. ಅರ್ಧ ಅಂದರೆ ಒಂದೂವರೆ. ಮೂರನೇ ಒಂದು ಅಂದರೆ ಒಂದು. ಮುಂದಿನ ಸೆಪ್ಟೆಂಬರ್.

ಉತಾರ ಬೇಡ. ಅವನ ಮಾತು ಸಾಕು.

ಈ ಸವಲತ್ತು ಯಾರ ಟವೆಲ್ ಕೆಳಗೆ ಕುದುರಿತೋ ಗೊತ್ತಿಲ್ಲ. ಯಾರದ್ದಾದರೂ ಅವರ ಬೆರಳಿಗೆ ನಮಸ್ಕಾರ.

14 ಜನವರಿ 2024, ರವಿವಾರ

ಸಂತೆಗೆ ಅಲ್ಲವ್ವ ಬಂದಿದ್ದಳು, ಮಾಳಪ್ಪನ ಹೆಂಡತಿ. ಕಬ್ಬು ಕಡಿಯುವ ಗ್ಯಾಂಗಿಗೆ ಹೋಗುತ್ತಿದ್ದಾಳೆ. ಕೋರ್ಟ್ ಗೇಟಿನಲ್ಲಿ ಒಬ್ಬ ಅವಳನ್ನು ತಡೆದು ಹೇಳಿದನಂತೆ — ಉತಾರ ಬಾಡಿಗೆಗೆ ಇದೆ, ಮನುಷ್ಯನೂ ಅದರ ಜೊತೆಗೇ ಬರುತ್ತಾನೆ ಅಂತ.

"ಆ ರೊಕ್ಕ ಕೊಟ್ಟುಬಿಡೂಣೇನ್ರಿ, ಅಣ್ಣಾರ? ತಾಳಿ ಅಡಾ ಇಡ್ತೇನಿ."

"ಕೋಡಿಗೆ ಎಣ್ಣಿ ಹಚ್ಚಿ ಮಾರೂ ಮುದಿ ಎಮ್ಮಿ ಅದು, ತಂಗಿ. ಸಿಕ್ಕಿಬಿದ್ದ ದಿನ ನಿನ್ನ ಗಂಡಗ ಎರಡನೇ ಕೇಸ್. ಎರಡನೇ ಕೇಸ್ ಬಿದ್ರ ದಿಲ್ಲಿ ಬಾಗಿಲಾನೂ ಬಂದ್."

"ದಿಲ್ಲಿ ಯಾವಾಗ ತಗೀತೈತ್ರಿ?"

"ತಗೀತೈತಿ. ಅಲ್ಲೀತನಕಾ ನಾ ಕೂಡಾಂವಲ್ಲ."

ಅತ್ತು ಹೋದಳು. ಇವತ್ತಿನ ಮೂರು ವ್ಯಾಪಾರದಲ್ಲಿ ಎರಡನ್ನು ಕೆಡಿಸಿಕೊಂಡೆ. ಮಾರುವವರು ಪಾವತಿ ಚೀಟಿ ಬರೆದುಕೊಡಲೇಬೇಕು ಎಂದು ಹಟ ಹಿಡಿದದ್ದಕ್ಕೆ. "ಸೋಮಲಿಂಗ ಪೊಲೀಸ್ ಆಗ್ಯಾನ" ಎಂದು ಮಂದಿ ನಗುತ್ತಿದ್ದರು. ನಗಲಿ.

1 ಜುಲೈ, ಸೋಮವಾರ

ಹೊಸ ಕಾಯ್ದೆ ಇವತ್ತಿನಿಂದ ಜಾರಿ. ಬೆಳಗಿನ ಮೊದಲ ಬಸ್ಸಿಗೇ ಗೋಕಾಕ.

ಸುಶಾಂತ ನನ್ನ ಮುಖ ನೋಡದೆ ಹೇಳಿದರು, "ಕೇಸ್ ಹಳೇದ್ರಿ. ಹಳೇ ಕೇಸಿಗೆ ಹಳೇ ಕಾಯ್ದೆ ಅಂತಾರ. ಅರ್ಧ ತುಂಬಾಕ ಮುಂದಿನ ಮಾರ್ಚ್."

"ಅದೇ ಜೈಲು, ಅದೇ ಗ್ವಾಡಿ, ಅದೇ ಮಾಳಪ್ಪ. ಹಳೇ ಕೈದಿಗೆ ಹಳೇ ಗಾಳಿ ಬಿಡ್ತಾರೇನ್ರಿ ಒಳಗ?"

"ಇದನ್ನ ನೀವಾ ಬಂದು ವಾದ ಮಾಡ್ರಿ, ನಾ ಎಮ್ಮಿ ಮಾರ್ತೇನಿ."

"ಎಮ್ಮಿ ಕೆಡಸ್ತೀರಿ ನೀವು. ಪುಸ್ತಕ ಹುಡುಕ್ರಿ."

ನಕ್ಕರು. ಆದರೆ ಪುಸ್ತಕ ತೆಗೆದರು. ಅಷ್ಟು ಸಾಕು.

ಮಾಳಪ್ಪನನ್ನು ಜೈಲಿನ ಜಾಳಿಗೆಯಾಚೆಯಿಂದ ನೋಡಿದೆ. ಬಿಳಿಚಿದ್ದಾನೆ. ಎಮ್ಮೆಗಳ ಸುದ್ದಿ ಕೇಳಿದ. ಕೊನೆಗೆ, "ಅಣ್ಣಾರ, ಅಂಗಾಲು ಮೆತ್ತಗಾಗ್ಯಾವ್ರಿ. ಮುಳ್ಳು ತಡಿಯೂದಿಲ್ಲ ಇನ್ನ."



28 ಜುಲೈ, ರವಿವಾರ

ಘಟಪ್ರಭೆ ತುಂಬಿದೆ. ಲೋಳಸೂರ ಸೇತುವೆ ಬಂದ್. ಸಂತೆ ಪೇಲವ. ಸುಶಾಂತ ಫೋನ್ ಎತ್ತುತ್ತಿಲ್ಲ… ಅವರ ಮನೆಗೂ ನೀರು ನುಗ್ಗಿರಬೇಕು.

24 ಆಗಸ್ಟ್, ಶನಿವಾರ

ಪೇಪರಿನಲ್ಲಿ ಬಂದಿದೆ. ಸುಪ್ರೀಂ ಕೋರ್ಟಿನ ಮಾತು: ಜುಲೈಗಿಂತ ಹಿಂದಿನ ಕೇಸಿನವರಿಗೂ ಮೂರನೇ ಒಂದು ಅನ್ವಯ. ಜೈಲಿನ ಅಧಿಕಾರಿಗಳೇ ಕೋರ್ಟಿಗೆ ಬರೆಯಬೇಕು.

ನಂದಾಗೆ ಓದಿ ಹೇಳಿದೆ. ಇನ್ನೊಮ್ಮೆ ಓದಿದೆ. ಪೇಪರ್ ಮಡಚಿ ಅಂಗಿಯ ಒಳಜೇಬಿಗೆ. ಗೋಕಾಕ.

ಜೈಲಿನ ಸಾಹೇಬರು ಪೂರ್ತಿ ಓದಿದರು. "ನಮಗೂ ಗೊತ್ತಾಗೇತ್ರಿ. ವರ್ಸ ತುಂಬಿದ ದಿನ ಬರೀತೇನಿ."

"ನೆನಪ ಮಾಡಾಕ ಬರಲೇನ್ರಿ, ಸಾಹೇಬ್ರ?"

"ಬ್ಯಾಡಂದ್ರ ಬರೂದಿಲ್ಲೇನು ನೀವು?"

19 ಸೆಪ್ಟೆಂಬರ್, ಗುರುವಾರ. ಸಂಜೆ

ಜೈಲಿನ ಸಾಹೇಬರು ಹೇಳಿದ ಹಾಗೆಯೇ ಬರೆದಿದ್ದರು. ಇವತ್ತು ಕೋರ್ಟು.

ಸುಶಾಂತ ಮಾತಾಡಿದ್ದು ಸ್ವಲ್ಪವೇ. ಮೊದಲ ಸಲ, ಒಂದೇ ಕೇಸು, ವರ್ಷ ತುಂಬಿದೆ. ಸರಕಾರಿ ವಕೀಲರು ಎದ್ದರು — ಆರೋಪಿ ಊರೂರು ತಿರುಗುವವ, ಬಿಟ್ಟರೆ ಸಿಗುವುದು ಕಷ್ಟ.

ನ್ಯಾಯಾಧೀಶರು ನೇರ ಅವನನ್ನೇ ಕೇಳಿದರು, "ಪ್ರತಿ ತಾರೀಕಿಗೂ ಹಾಜರಾಗುತ್ತೀರಾ?"

ಮಾಳಪ್ಪ ಕೈ ಮುಗಿದ. "ನಾ ಒಯ್ದ ಎಮ್ಮಿ ಒಂದೂ ದಾರ್ಯಾಗ ಬಿಟ್ಟಿಲ್ರಿ, ಸಾಹೇಬ್ರ. ಬರ್ತೇನಂದ ಮ್ಯಾಲ ನನ್ನ ನಾ ದಾರ್ಯಾಗ ಬಿಡ್ತೇನೇನ್ರಿ?"

ಈ ಸಲ ಕೋರ್ಟು ನಗಲಿಲ್ಲ. ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಯಿತು. ಹತ್ತು ತಿಂಗಳು ಉತಾರ ಕೇಳಿದ ಕಟ್ಟೆಯ ಮೇಲೆ ಅವನ ಮಾತು ನಡೆಯಿತು.

ಮೆಟ್ಟಿಲು ಇಳಿಯುತ್ತಿದ್ದೇವೆ, ಎದುರಿಗೆ ಓಡಿಬಂದ — ಹಣಮಂತ! ಅದೇ ಧೋತರ, ಅದೇ ಪ್ಲಾಸ್ಟಿಕ್ ಕವರ್.

"ತಡಾ ಆತೇನ್ರಿ? ತಂದೇನಿ ನೋಡ್ರಿ. ನನ್ನ ಹೆಸರಿಲೆ ಐತಿ!"

ಅವತ್ತು ಕೋರ್ಟು ನಕ್ಕದ್ದು ಅವನಿಗೆ ನಾಟಿತ್ತು. ಹತ್ತು ತಿಂಗಳು ತಾಯಿಯ ಜೊತೆ, ಅಣ್ಣತಮ್ಮಂದಿರ ಜೊತೆ ಜಗಳಾಡಿ ವಾರಸಾ ಮಾಡಿಸಿ, ಹಿಸೆ ಮಾಡಿಸಿ, ಉತಾರ ತಂದಿದ್ದಾನೆ. ಮಾಳಪ್ಪನ ಸಲುವಾಗಿ. ನಮಗೆ ಒಂದು ಮಾತು ಹೇಳದೆ.

"ಇನ್ನ ಬ್ಯಾಡೋ, ಹಣಮಂತ. ಬಿಟ್ಟ್ರು," ಅಂದೆ.

ಅವನು ಉತಾರ ನೋಡಿದ, ಮಾಳಪ್ಪನನ್ನು ನೋಡಿದ. "ಹಂಗಂದ್ರ ನಮ್ಮಪ್ಪನ ಹೆಸರ ಸುಮ್ನ ತಗಸಿದ್ನೇನ್ರಿ?"

ಮಾಳಪ್ಪ ಮುಂದೆ ಹೋಗಿ ಅವನನ್ನು ಅಪ್ಪಿಕೊಂಡ. ಈ ಒಂದು ವರ್ಷದಲ್ಲಿ ಮಾಳಪ್ಪ ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು.

ಆಟೊ ಕರೆತಂದೆ. ಮಾಳಪ್ಪ ಹತ್ತಲಿಲ್ಲ. ಅಲ್ಲವ್ವ ತಂದಿದ್ದ ಚಪ್ಪಲಿಯನ್ನೂ ಕೈಯಲ್ಲೇ ಹಿಡಿದ. "ಹಿಂದ ಬರ್ರಿ ನೀವು. ಕಾಲಿಗೆ ಹಾದಿ ರೂಢಿ ಆಗಬೇಕು." ಕುಂಟುತ್ತ ನಡೆದ. ಅವನ ಹಿಂದೆ ಅಲ್ಲವ್ವ, ಅವಳ ಹಿಂದೆ ಖಾಲಿ ಆಟೊದಲ್ಲಿ ನಾನು.

22 ಸೆಪ್ಟೆಂಬರ್, ರವಿವಾರ. ಸಂತೆ ಮುಗಿದ ಮೇಲೆ

ಯಾರಿಗೆ ಏನು ಬಂತು, ಒಮ್ಮೆ ಬರೆದುಬಿಡುತ್ತೇನೆ.

ಸುಶಾಂತ: ಇದೇ ಕಲಮಿನ ಮೂರು ಹೊಸ ಕೇಸು. ಫೀ ಹೆಚ್ಚಿಸಿದ್ದಾರೆ.

ಭೂಪಾಲ ಕಾಕಾ: ಉತಾರ ಸ್ವಚ್ಛ ಉಳಿಯಿತು. ಶುಕ್ರವಾರ ಫೋನ್ ಮಾಡಿ ಮಾಳಪ್ಪನಿಗೆ ಕೆಲಸ ಇದೆ ಅಂದರು.

ಹೊರಗಿನ ವ್ಯಾಪಾರಿ: ಎಮ್ಮೆಯ ದುಡ್ಡು. ಮೊಬೈಲ್ ಇನ್ನೂ ಬಂದ್.

ದಿಲ್ಲಿಯವರು: ಮಾಳಪ್ಪ ಎಂಬವನೊಬ್ಬ ಇದ್ದಾನೆ ಎಂದು ಅವರಿಗೆ ಗೊತ್ತೇ ಇಲ್ಲ. ಆದರೂ ಅವರ ಹೆಸರಿಗೆ ಆರು ತಿಂಗಳು ಜಮೆ ಬರೆಯುತ್ತೇನೆ. ಪೊಲೀಸ್ ಕಸ್ಟಡಿಯ ಆ ಬಿಡಿಬಿಡಿ ದಿನಗಳ ಚಿಲ್ಲರೆ ಖರ್ಚಿನ ಕಡೆ ಹಾಗೇ ಇದೆ. ಅದನ್ನು ಮರೆಯುವುದಿಲ್ಲ.

ಹಣಮಂತ: ಎರಡು ಎಕರೆ, ತನ್ನ ಹೆಸರಿಗೆ. ಅವ್ವನಿಗೆ ಸಿಟ್ಟು ನನ್ನ ಮೇಲೆ.

ಅಲ್ಲವ್ವ: ಮನೆಯಲ್ಲಿ ಗಂಡ. ತಾಳಿ ಕೊರಳಲ್ಲೇ.

ನಾನು: "ಪೊಲೀಸ್" ಎಂಬ ಅಡ್ಡಹೆಸರು. ಇವತ್ತು ನಾಲ್ಕು ವ್ಯಾಪಾರ, ನಾಲ್ಕಕ್ಕೂ ಪಾವತಿ.

ಮಾಳಪ್ಪ: ಕೇಸ್ ಮುಗಿದಿಲ್ಲ, ಅಕ್ಟೋಬರಿಗೆ ತಾರೀಕು. ಆರು ತಿಂಗಳು ಉಳಿಯಿತು ಎಂದು ಬರೆದೆ. ಹೊಡೆದು ಹಾಕಿದೆ. ಅವನ ಕಡೆಯಿಂದ ನೋಡಿದರೆ ಹೋದದ್ದು ಒಂದು ವರ್ಷ. ಅದನ್ನು ಯಾರ ಖಾತೆಗೆ…

ಬಾಗಿಲಲ್ಲಿ ಅವನೇ. ಹುಕ್ಕೇರಿಗೆ ಹೋಗುವ ಎಮ್ಮೆಯ ಹಗ್ಗ ಕೈಯಲ್ಲಿದೆ.

"ಅಣ್ಣಾರ, ಹೊರಡ್ತೇನ್ರಿ. ಪಾವತಿ ಕೊಡ್ರಿ."

ಹದಿನೆಂಟು ವರ್ಷದಲ್ಲಿ ಅವನು ನನ್ನ ಮಾತಿಗೆ ಕಾಗದ ಕೇಳಿದ್ದು ಇದೇ ಮೊದಲು. ಸರಿಯೇ. ಕೊಡಬೇಕು.

ಹೋದದ್ದು ಒಂದು ವರ್ಷ. ಬಂದದ್ದು — ಇರಲಿ, ಮೊದಲು ಅವನಿಗೆ ಪಾವತಿ ಕೊಟ್ಟು ಬರುತ್ತೇನೆ.