ಗ್ರಹಣಕ್ಕೆ ಮೊದಲೇ ಬಂದ ನೆರಳು

ಅಕ್ಕಾ,

ನಿನ್ನೆ ಸಂಜೆ ಶಾಲೆಯ ತಾರಸಿಯಲ್ಲಿ ಮಕ್ಕಳಿಗೆ ಚಂದ್ರಗ್ರಹಣ ತೋರಿಸುತ್ತಿದ್ದೆ. ಭೂಮಿಯ ನೆರಳು ಚಂದ್ರನ ಅಂಚು ಮುಟ್ಟಿದೊಡನೆ ನಾನು ಕೂಗಬೇಕು, ಅವರು ಸಮಯ ಬರೆದುಕೊಳ್ಳಬೇಕು. ಕೂಗಿದೆ.

“ಟೀಚರ್, ಇನ್ನೂ ಹತ್ತು ನಿಮಿಷ ಇದೆ. ಏನು ಅಷ್ಟೊಂದು ಅವಸರ ನಿಮಗೆ?” ಎಂದು ನಕ್ಕರು.

ದೂರದರ್ಶಕಕ್ಕೆ ಬಲಗಣ್ಣು ಇಟ್ಟಿದ್ದೆ. ಎಡಗಣ್ಣಿಟ್ಟು ನೋಡಿದೆ, ಚಂದ್ರ ಪೂರ್ತಿ ದುಂಡಗಿದ್ದ. ನೆರಳಿದ್ದದ್ದು ನನ್ನ ಬಲಗಣ್ಣಿನಲ್ಲಿ. ಮಕ್ಕಳಿಗೆ, “ನಿಮ್ಮನ್ನು ಪರೀಕ್ಷಿಸಿದೆ” ಎಂದೆ.

ಗ್ರಹಣ ಬಿಟ್ಟಿತು, ಇದು ಬಿಡಲಿಲ್ಲ. ಬೆಳಿಗ್ಗೆ ನೋಡಿದರೆ ಇನ್ನಷ್ಟು ಹಬ್ಬಿದೆ.

ನಿಮ್ಮ ಆಸ್ಪತ್ರೆಯ ಕಣ್ಣಿನ ಡಾಕ್ಟರಿಗೆ ಇವತ್ತೇ ತೋರಿಸಬೇಕು. ಒಬ್ಬಳೇ ರಸ್ತೆ ದಾಟಲು ಧೈರ್ಯವಿಲ್ಲ. ಅಮ್ಮನಿಗೆ ಹೇಳಬೇಡ. ಪತ್ರ ತಂದ ಪಕ್ಕದ ಮನೆಯವರಿಗೂ ತಲೆನೋವೆಂದಷ್ಟೇ ಹೇಳಿದ್ದೇನೆ.

ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದೇನೆ.

ನಿನ್ನ ತಂಗಿ