ಅಪ್ಪನ ಸ್ಟ್ರೀಮರ್ ಕಟ್ಟುವ ಬಗೆ

ಮಾರ್ಚ್ ೧೪, ಗುರುವಾರ

ಅಣ್ಣಾ,

ನಿನ್ನ ಕಾಗದ ಸೋಮವಾರ ಸಿಕ್ಕಿತು. ಅಪ್ಪ ಹೋದ ಎರಡು ವರ್ಷಕ್ಕೆ ಬಂದ ಮೊದಲ ಕಾಗದ. ನಾನು ಹೇಗಿದ್ದೇನೆ ಅಂತ ಒಂದು ಸಾಲು. ಅಪ್ಪನ ಸ್ಟ್ರೀಮರ್ ಗಾಳ, ಮೀನಿಗೆ ಆಸೆ ತೋರಿಸುವ ಆ ಗರಿಯ ಹುಸಿ ಮರಿಮೀನು, ಕಟ್ಟುವುದು ಹೇಗೆ ಅಂತ ಒಂದೂವರೆ ಪುಟ. ಡಬ್ಬಿಯಲ್ಲಿದ್ದವೆಲ್ಲ ಮುಗಿದವಂತೆ, ಮೀನು ಹಿಡಿಯುವ ಪಂದ್ಯ ಹತ್ತಿರ ಬಂತಂತೆ. ಹೇಳುತ್ತೇನೆ, ಬರೆದುಕೋ.

ಉದ್ದ ಕಾಲಿನ ಗಾಳವನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸು. ಕಪ್ಪು ದಾರವನ್ನು ಗಾಳದ ಕಣ್ಣಿನ ಹತ್ತಿರದಿಂದ ಕೊಕ್ಕೆ ಬಾಗುವಲ್ಲಿಯವರೆಗೆ ಒತ್ತಾಗಿ ಸುತ್ತು. ಬಾಲಕ್ಕೆ ಒಂದು ಚಿಟಿಕೆ ಮೆತ್ತನೆಯ ಪುಕ್ಕ, ಜಾಸ್ತಿ ಬೇಡ. ನೀರಿಗೆ ಬಿದ್ದರೆ ಮರಿಮೀನು ಗಾಬರಿಬಿದ್ದ ಹಾಗಿರಬೇಕು, ಪೊರಕೆ ತೇಲಿದ ಹಾಗಲ್ಲ ಅನ್ನುತ್ತಿದ್ದರು ಅಪ್ಪ. ಮೈಗೆ ಬೆಳ್ಳಿ ಜರಿ. ಬೆನ್ನಿಗೆ ಎರಡು ಉದ್ದ ಗರಿ, ಹೊಳೆಯುವ ಮೈ ಹೊರಕ್ಕೆ. ದಾರದ ಬಿಗಿ ಕೈಗೇ ಗೊತ್ತಾಗಬೇಕು, ಅದನ್ನು ಕಾಗದದಲ್ಲಿ ಕಳಿಸಲಾಗುವುದಿಲ್ಲ. ಕೊನೆಗೆ ತಲೆಗೆ ಎರಡು ಸಲ ವಾರ್ನಿಷ್.

ಇಷ್ಟೇ. ಇಪ್ಪತ್ತು ವರ್ಷ ನಿನ್ನ ಪಕ್ಕದ ಕೋಣೆಯಲ್ಲೇ ಇದು ನಡೆಯುತ್ತಿತ್ತು. ನೀನು ಬಂದು ಬೇಕಾದ್ದು ಆರಿಸಿಕೊಂಡು ಹೋಗುತ್ತಿದ್ದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತಾರೆ. ನೀನು ಹೊಳೆಯಲ್ಲಿ ನಿಂತೇ ಅಂಬಿಗನನ್ನು ಮರೆತವನು.

ಪಂದ್ಯ ಗೆದ್ದಾಗ ನೀನು ಪತ್ರಿಕೆಯವನಿಗೆ, ಈ ಗಾಳ ನಾನೇ ಕಟ್ಟಿದ್ದು ಅಂದೆಯಲ್ಲ, ಅದನ್ನು ಅಪ್ಪನಿಗೆ ಓದಿ ಹೇಳಿದ್ದು ನಾನು. ಆಗಲೇ ಅವರಿಗೆ ಕಣ್ಣು ಮಂಜು. ಫೋಟೋದಲ್ಲಿ ಚೆನ್ನಾಗಿ ಕಾಣ್ತಾನಾ ಅಂತ ಕೇಳಿದರು. ಹೂಂ ಅಂದೆ. ಆ ಸಾಲು ಇನ್ನೊಮ್ಮೆ ಓದು ಅಂದರು. ಓದಿದೆ. ಇರಲಿ ಬಿಡು, ಹುಡುಗ ಬಾಯಿತಪ್ಪಿ ಅಂದಿರ್ತಾನೆ ಅಂದರು. ನಲವತ್ತು ದಾಟಿದ ಹುಡುಗ! ಮಾರನೇ ದಿನದಿಂದ ಅವರು ಇಕ್ಕಳ ಮುಟ್ಟಲಿಲ್ಲ. ಆದರೂ ಅವನಿಗೆ ಕಳಿಸುವುದು ನಿಲ್ಲಿಸಬೇಡ ಅಂದರು. ಆಮೇಲೆ ನಿನಗೆ ಬಂದವೆಲ್ಲ ನಾನು ಕಟ್ಟಿದವು. ವ್ಯತ್ಯಾಸ ಮೀನಿಗೂ ಗೊತ್ತಾಗಲಿಲ್ಲ, ನಿನಗೂ ಗೊತ್ತಾಗಲಿಲ್ಲ.

ಆಸ್ಪತ್ರೆಯಲ್ಲಿ ಅಪ್ಪ ಹನ್ನೊಂದು ದಿನ ಇದ್ದರು. ಸಾವಿನ ಸುದ್ದಿ ಯಾರಿಂದಲೋ ತಿಳಿದು, ಹೆಣ ಎತ್ತುವ ಹೊತ್ತಿಗೆ ನೀನು ಬಂದೆ. ಹೆತ್ತ ಮಗ ಒಮ್ಮೆಯೂ ಇಣುಕಲಿಲ್ಲ ಅಂತ ಚಿಕ್ಕಪ್ಪ ಎಲ್ಲರೆದುರು ಅಂದರು. ಹೊಳೆಯ ಕಡೆ ಸಿಗ್ನಲ್ ಸಿಗುವುದಿಲ್ಲ, ಕರೆ ಬಂದದ್ದೇ ತಿಳಿಯಲಿಲ್ಲ ಅಂತ ನೀನು ತಡವರಿಸಿದೆ. ಯಾರೂ ನಂಬಲಿಲ್ಲ. ಅವತ್ತಿನಿಂದ ನೆಂಟರ್ಯಾರೂ ನಿನ್ನ ಹೊಸ್ತಿಲು ತುಳಿದಿಲ್ಲ ಅಂತ ಕೇಳಿದ್ದೇನೆ.

ಇನ್ನು ಗಾಳ ಕೇಳಿ ಬರೆಯಬೇಡ.

ನಿನ್ನ ತಂಗಿ

ಮರೆತಿದ್ದೆ ಅಂತ ಬರೆಯಲಾರೆ, ಇದನ್ನು ಮರೆತಿಲ್ಲ: ಆ ಹನ್ನೊಂದು ದಿನ ನಿನಗೆ ನಾನು ಫೋನ್ ಮಾಡಲೇ ಇಲ್ಲ. ಅಪ್ಪ ಮೂರು ಸಲ, ಅವನು ಬರಲಿಲ್ವಾ ಅಂತ ಕೇಳಿದರು. ಮೂರು ಸಲವೂ ನಾನು, ಅವನಿಗೆ ಫೋನ್ ಮಾಡಿ ಹೇಳಿದ್ದೇನೆ, ಪಂದ್ಯ ಮುಗಿಸಿ ಬರ್ತಾನಂತೆ ಅಂದೆ. ಕೊನೆಯ ಸಲ ಅವರು, ಸುಮ್ಮನೆ ಮತ್ತೆ ಮತ್ತೆ ಫೋನ್ ಮಾಡಬೇಡ, ಅವನ ಗಮನ ಕೆಡುತ್ತೆ ಅಂದರು.